ಟಾಟಾ 1612, 697 ಎಂಜಿನ್: ಸೆಲ್ಫ್ ತಿರುಗುತ್ತೆ, ಹೊಗೆಯೂ ಇಲ್ಲ, ಸ್ಟಾರ್ಟೂ ಇಲ್ಲ

ತೋಟದ ಗಾಡಿ, ಮೂಡಿಗೆರೆ:
ಗಾಡಿ ಟಾಟಾ 1612. 697 ಎಂಜಿನ್, ಟರ್ಬೊ ಇಲ್ಲದ್ದು. ನೋಝಲ್‌ಗಳಿಗೆ ಡೀಸೆಲ್ ಒತ್ತುವ ಮೈಕೊ ಕಂಪನಿಯ ಇನ್‌ಲೈನ್ ಪಂಪ್, ಎರಡು ಬ್ಯಾಟರಿ ಸೇರಿ 24 ವೋಲ್ಟ್. ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿತ್ತು, ಕಾಫಿ ಕುಯ್ಲು ಶುರುವಾಗುವಷ್ಟರಲ್ಲಿ ಹೊರಗೆ ತೆಗೆಯಬೇಕು. ಬ್ಯಾಟರಿ ಚಾರ್ಜ್ ಮಾಡಿಸಿ ಹಾಕಿದ್ದಾಯ್ತು, ಸೆಲ್ಫ್ ಚೆನ್ನಾಗೇ ತಿರುಗುತ್ತೆ, ಎಂಜಿನ್ ಮಾತ್ರ ಹತ್ತೋದಿಲ್ಲ. ಸೈಲೆನ್ಸರಿನಲ್ಲಿ ಚೂರೂ ಹೊಗೆ ಇಲ್ಲ. ಟ್ಯಾಂಕಿನಲ್ಲಿ ಕಾಲು ಭಾಗ ಡೀಸೆಲ್ ಇದೆ. ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತಿ ಡೀಸೆಲ್ ಎಳೆಯುವ ಸಣ್ಣ ಪಂಪ್) ಹೊಡೆದರೆ ಬಿಗಿಯೇ ಆಗೋದಿಲ್ಲ, ಸುಮ್ಮನೆ ಮೇಲೆ ಕೆಳಗೆ ಹೋಗುತ್ತೆ. ಇಲ್ಲಿಯ ಮೆಕ್ಯಾನಿಕ್ ಪಂಪ್ ಇಳಿಸಿ ಕ್ಯಾಲಿಬ್ರೇಶನ್‌ಗೆ ಕಳಿಸೋಣ ಅಂತಿದ್ದಾರೆ. ಅದಕ್ಕೆ ಮುಂಚೆ ನೋಡಬೇಕಾದ್ದು ಏನಾದರೂ ಇದೆಯಾ?

ಪಂಪ್‌ರೂಮ್ ಹುಬ್ಬಳ್ಳಿ:
ಪಂಪ್ ಸದ್ಯಕ್ಕ ಮುಟ್ಟಬ್ಯಾಡ್ರಿ. ಹೊಗಿ ಇಲ್ಲ ಅಂದ್ರ ಸಿಲಿಂಡರಿಗೆ ಡೀಸೆಲ್ ಹೋಗವಲ್ದು ಅಂತ ಅರ್ಥ. ಕಂಪ್ರೆಶನ್ ಕಮ್ಮಿ ಇದ್ರ, ಟೈಮಿಂಗ್ ತಪ್ಪಿದ್ರ ಬಿಳಿ ಹೊಗಿ ಬರ್ತೈತಿ, ಯಾಕಂದ್ರ ಡೀಸೆಲ್ ಒಳಗ ಹೋಗಿ ಸುಡದ ಹೊರಗ ಬರ್ತೈತಿ. ನಿಮ್ಮದು ಅದಲ್ಲ.

ಹೊಗಿ ಇಲ್ಲದಿದ್ದಾಗ ನೋಡೋ ಜಾಗ ಮೂರೇ. ಒಂದು, ಸ್ಟಾಪ್ ಲಿವರ್ ಬಂದ್ ಜಾಗದಾಗ ಕುಂತಿರ್ತೈತಿ. ಎರಡು, ಟ್ಯಾಂಕಿನಿಂದ, ಡೀಸೆಲ್ ಎಳಕೊಳ್ಳೂ ಫೀಡ್ ಪಂಪ್‌ತನಕ ಲೈನಿನ್ಯಾಗ ಗಾಳಿ ಹಿಡಿದಿರ್ತೈತಿ, ಇಲ್ಲಾ ಕಸ ಕಟ್ಟಿರ್ತೈತಿ. ಮೂರು, ಪಂಪ್ ಒಳಗ ಡೀಸೆಲ್ ಅಳತಿ ಹೆಚ್ಚುಕಮ್ಮಿ ಮಾಡೂ ರ‍್ಯಾಕ್ ಜಾಮ್ ಆಗಿರ್ತೈತಿ. ಪ್ರೈಮರ್ ಬಿಗಿ ಆಗವಲ್ದು ಅಂದ ಮ್ಯಾಲೆ ಎರಡನೇದರ ಮ್ಯಾಲೆ ನನ್ನ ಅನುಮಾನ. ಆದ್ರ ಒಂದನೇದು ನೋಡಾಕ ಎರಡು ನಿಮಿಷ ಸಾಕು, ಅದನ್ನ ಮೊದಲು ಮುಗಿಸ್ರಿ. ಪಂಪ್ ಹಿಂದ ಗವರ್ನರ್ (ಎಂಜಿನ್ ವೇಗ ಹತೋಟ್ಯಾಗ ಇಡೂ ಭಾಗ) ಮ್ಯಾಲೆ ಸ್ಟಾಪ್ ಲಿವರ್ ಐತಿ. ಕೇಬಲ್ ಕಳಚಿ ಲಿವರ್ ಬಿಡ್ರಿ. ಸ್ಪ್ರಿಂಗಿನ ಬಲದ ಮ್ಯಾಲೆ ತಾನಾಗೇ ರನ್ ಕಡಿಗೆ ವಾಪಸ್ ಬರಬೇಕು. ಬರದಿದ್ರ, ಇಲ್ಲಾ ಕೇಬಲ್ ಕಳಚಿದ ಮ್ಯಾಲೆ ಬಂದ್ರ, ಬ್ಯಾನಿ ಎಲ್ಲಿ ಐತಿ ಅನ್ನೂದು ಅಲ್ಲೇ ತಿಳೀತೈತಿ. ಮಳಿಗಾಲ ನಿಂತ ಗಾಡ್ಯಾಗ ಕೇಬಲ್ ಒಳಗಿನ ತಂತಿ ತುಕ್ಕು ಹಿಡಿಯೂದು ಭಾಳ ಕಾಮನ್. ಕ್ಯಾಬಿನ್‌ನ್ಯಾಗ ಸ್ಟಾಪ್ ಹಿಡಿ ಒಳಗ ತಳ್ಳಿದಂಗ ಕಾಣ್ತೈತಿ, ಆ ಕಡೆ ತುದಿ ಹಂದಾಡಿರೂದಿಲ್ಲ.

ಘಾಟಿ ಲೈನ್:
ಇಷ್ಟೆಲ್ಲ ಯಾಕೆ ಗುರುಗಳೇ. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ 3ನೇ ಗೇರಿನಲ್ಲಿ ಎಳೆಸಿ, ಆಗದಿದ್ದರೆ ಏರ್ ಫಿಲ್ಟರ್ ಬಾಯಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಿರಿ. ಹತ್ತೇ ಹತ್ತುತ್ತೆ.

ಶಿರಾಡಿ ಗ್ಯಾರೇಜ್:
ಎಂಥದು ಮಾರಾಯ್ರೆ, ಡೀಸೆಲೇ ಹೋಗದ ಎಂಜಿನನ್ನು ಊರೆಲ್ಲ ಎಳೆದರೂ ಹೇಗೆ ಹತ್ತುವುದು? ಸೆಲ್ಫ್ ಚೆನ್ನಾಗಿ ತಿರುಗುತ್ತದೆ ಎಂದು ಅವರೇ ಹೇಳಿದ್ದಾರಲ್ಲ. ಎಳೆಯುವುದು ಬ್ಯಾಟರಿ ಸತ್ತ ಗಾಡಿಗೆ.

ಇನ್ನೊಂದು ಉಂಟು. ಏರ್ ಬ್ರೇಕ್ ಇರುವ ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನಲ್ಲಿ ಗಾಳಿ ಉಳಿಯುವುದಿಲ್ಲ. ಎಳೆಯುವಾಗ ಬ್ರೇಕ್ ಒತ್ತಿದರೆ ಕಾಲಡಿಗೆ ಏನೂ ಸಿಗುವುದಿಲ್ಲ. ಪವರ್ ಸ್ಟೀರಿಂಗ್ ಇದ್ದರೆ ಅದೂ ಕಲ್ಲಿನ ಹಾಗೆ ಗಟ್ಟಿ. ತೋಟದ ಇಳಿಜಾರಿನಲ್ಲಿ ಈ ಕೆಲಸ ಬೇಡವೇ ಬೇಡ.

ಸ್ಪ್ರೇ ವಿಷಯ: 697 ಡೈರೆಕ್ಟ್ ಇಂಜೆಕ್ಷನ್, ಕಂಪ್ರೆಶನ್ 17ಕ್ಕೆ 1ರ ಆಸುಪಾಸು. ಈಥರ್ ಡೀಸೆಲ್‌ಗಿಂತ ತುಂಬ ಬೇಗ ಹತ್ತುತ್ತದೆ. ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿದರೆ ರಿಂಗ್ ಲ್ಯಾಂಡ್ (ಪಿಸ್ಟನ್ ರಿಂಗುಗಳ ನಡುವಿನ ಅಂಚು) ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಾಗಿದ್ದೂ ಉಂಟು. ಮ್ಯಾನಿಫೋಲ್ಡಿನಲ್ಲಿ ಹೀಟರ್ ಇರುವ ಎಂಜಿನಿಗೆ ಹೊಡೆದರೆ ಬೆಂಕಿ ಹೊರಗೇ ಬರುತ್ತದೆ. ಡೀಸೆಲ್ ಬಟ್ಟೆಗೆ ಬೆಂಕಿ ಹಚ್ಚಿ ಏರ್ ಫಿಲ್ಟರ್ ಬಾಯಿಗೆ ಹಿಡಿಯುವವರೂ ಇದ್ದಾರೆ, ಆಯಿಲ್ ಬಾತ್ ಫಿಲ್ಟರ್ ಇದ್ದರೆ ಕೆಳಗೆ ಆಯಿಲ್ ತುಂಬಿದ ಬಟ್ಟಲೇ ಉಂಟು ಎನ್ನುವುದನ್ನು ಮರೆತು.

ಕರೆಂಟ್ ಕೆಲಸ, ತುಮಕೂರು:
ಸೆಲ್ಫ್ "ಚೆನ್ನಾಗಿ ತಿರುಗುತ್ತೆ" ಅನ್ನೋದನ್ನ ಕಿವಿಯಲ್ಲಿ ನಂಬಬೇಡಿ, ಮೀಟರ್ ಹಿಡಿದು ನೋಡಿ ಅಣ್ಣ. ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೆ, ಚಾರ್ಜರ್ ತೆಗೆದು ಕೆಲವು ಗಂಟೆ ಆದಮೇಲೆ ಒಂದೊಂದರಲ್ಲೂ 12.6 ವೋಲ್ಟ್ ಇರಬೇಕು. 12.2 ಬಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಎರಡೂ ಸೇರಿ 19 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. 12 ವೋಲ್ಟ್ ಗಾಡಿಯವರು ಅರ್ಧ ಲೆಕ್ಕ ಹಾಕಿಕೊಳ್ಳಿ. ಎರಡರಲ್ಲಿ ಒಂದು ಮಾತ್ರ ಜಾಸ್ತಿ ಕುಸಿದರೆ ಅದರಲ್ಲಿ ಸೆಲ್ ಹೋಗಿದೆ.

ಆಮೇಲೆ ಡ್ರಾಪ್ ಟೆಸ್ಟ್, ಅಂದರೆ ಕೇಬಲ್‌ನಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತೆ ಅನ್ನೋ ಪರೀಕ್ಷೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಕಂಬದ ಮೇಲೆ (ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೆ), ಇನ್ನೊಂದು ಸೆಲ್ಫ್ ಬಾಡಿ ಮೇಲೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಸರಿಯಿಲ್ಲ. ಚಾಸಿಯಿಂದ ಎಂಜಿನ್‌ಗೆ ಬರೋ ಹೆಣೆದ ಪಟ್ಟಿ ಹಸಿರು ಬಣ್ಣಕ್ಕೆ ತಿರುಗಿರುತ್ತೆ, ಬಿಚ್ಚಿ ಬೋಲ್ಟಿನ ಜಾಗದ ಪೇಂಟ್ ಉಜ್ಜಿ ಹಾಕಿ. ಪ್ಲಸ್ ಕೇಬಲ್‌ಗೂ ಹೀಗೇ. ಡೀಸೆಲ್ ಎಂಜಿನ್ ಹತ್ತೋಕೆ ನಿಮಿಷಕ್ಕೆ 150 ಸುತ್ತಿನಷ್ಟಾದರೂ ಬೇಕು. ನಿಧಾನ ತಿರುಗಿದರೆ ಗಾಳಿ ರಿಂಗಿನ ಸಂದಿಯಲ್ಲಿ ಸೋರಿ ಹೋಗುತ್ತೆ, ಬಿಸಿಯೇ ಏರಲ್ಲ. ಈ ಎಂಜಿನ್‌ಗೆ ಗ್ಲೋ ಪ್ಲಗ್ ಬೇರೆ ಇಲ್ಲ, ಬಿಸಿಗೆ ಕಂಪ್ರೆಶನ್ ಒಂದೇ ಗತಿ.

ಒಂದು ಸಲಕ್ಕೆ 15 ಸೆಕೆಂಡ್ ಮೇಲೆ ಸೆಲ್ಫ್ ಹೊಡೆಯಬೇಡಿ, ಮಧ್ಯೆ ಒಂದು ನಿಮಿಷ ಬಿಡಿ. ಏರ್ ತೆಗೆಯುವಾಗಲೇ ಎಷ್ಟೋ ಸೆಲ್ಫ್‌ಗಳು ಸುಟ್ಟುಹೋಗೋದು.

ತೋಟದ ಗಾಡಿ, ಮೂಡಿಗೆರೆ:
ಎಲ್ಲರಿಗೂ ಥ್ಯಾಂಕ್ಸ್. ಬ್ಯಾಟರಿ 12.6 ಮತ್ತು 12.5. ತಿರುಗಿಸುವಾಗ 20.8. ಅರ್ತ್ ಡ್ರಾಪ್ 0.2. ಸ್ಟಾಪ್ ಕೇಬಲ್ ಕಳಚಿದಾಗ ಲಿವರ್ ಟಕ್ ಅಂತ ವಾಪಸ್ ಬಂತು, ಅಂದರೆ ಕೇಬಲ್ ಅರ್ಧ ಎಳೆದ ಹಾಗೇ ಹಿಡಿದುಕೊಂಡಿತ್ತು. ಈಗ ಕೇಬಲ್ ಇಲ್ಲದೆಯೇ ಸೆಲ್ಫ್ ಹೊಡೆದು ನೋಡಿದೆ, ಆಗಲೂ ಹೊಗೆ ಇಲ್ಲ. ಪ್ರೈಮರ್ ಹಾಗೇ ಸಡಿಲ.

ಪಂಪ್‌ರೂಮ್ ಹುಬ್ಬಳ್ಳಿ:
ಅರ್ಧ ಕೆಲಸ ಆತು ನೋಡ್ರಿ. ಈಗ ನಿಲ್ರಿ, ಇನ್ನು ಮ್ಯಾಲೆ ಸುಮ್ನ ಸೆಲ್ಫ್ ಹೊಡೀಬ್ಯಾಡ್ರಿ. ಎಂಜಿನ್ ಹತ್ತೂದಕ್ಕಿಂತ ಮೊದಲು ರ‍್ಯಾಕ್ ನೋಡೂದು ಬಾಕಿ ಐತಿ. ನಿಂತ ಗಾಡ್ಯಾಗ ಇದನ್ನ ಯಾರೂ ನೋಡೂದಿಲ್ಲ.

ಡೀಸೆಲ್‌ನ್ಯಾಗ ನೀರು ಸೇರಿ ತಿಂಗಳುಗಟ್ಟಲೆ ನಿಂತ್ರ ಪಂಪಿನ ಪ್ಲಂಜರ್ (ಡೀಸೆಲ್ ಒತ್ತೂ ಉಕ್ಕಿನ ಕಡ್ಡಿ) ಮ್ಯಾಲೆ ಅಂಟು ಕಟ್ಟತೈತಿ, ತುಕ್ಕು ಬರ್ತೈತಿ. ರ‍್ಯಾಕ್ ಬಂದ್ ಕಡಿಗೆ ಸಿಕ್ಕಿಕೊಂಡ್ರ ಎಂಜಿನ್ ಹತ್ತೂದಿಲ್ಲ, ಅಷ್ಟ. ಫುಲ್ ಕಡಿಗೆ ಸಿಕ್ಕಿಕೊಂಡ್ರ ಹತ್ತಿದ ಗಳಿಗಿಗೆ ರೇಸ್ ಏರ್ತೈತಿ, ಇಳಿಯೂದಿಲ್ಲ. ಸ್ಟಾಪ್ ಎಳದ್ರೂ ನಿಲ್ಲೂದಿಲ್ಲ, ಯಾಕಂದ್ರ ಸ್ಟಾಪ್ ಎಳಿಯೂದೂ ಅದೇ ರ‍್ಯಾಕನ್ನ. ಕೀಲಿ ಬಂದ್ ಮಾಡಿದ್ರ ಏನೂ ಆಗೂದಿಲ್ಲ, ಇದು ಹಳೇ ಮೆಕ್ಯಾನಿಕಲ್ ಪಂಪ್. ಫೀಡ್ ಲೈನ್ ಕಿತ್ರೂ ಫಿಲ್ಟರ್‌ನ್ಯಾಗ, ಪಂಪಿನ ಗ್ಯಾಲರಿಯೊಳಗ (ಪ್ಲಂಜರ್ ಸುತ್ತ ಡೀಸೆಲ್ ತುಂಬೂ ಜಾಗ) ಇದ್ದ ಡೀಸೆಲ್ ಮುಗಿಯೂತನಕ ಓಡ್ತೈತಿ.

ನಿಮ್ಮದು ಎ ಟೈಪ್ ಪಂಪ್ ಇದ್ರ ಪಕ್ಕದಾಗ ಎರಡು ಸ್ಕ್ರೂ ಇರೋ ಉದ್ದನ ಕವರ್ ಇರ್ತೈತಿ. (ಪಿ ಟೈಪಿಗೆ ಈ ಕವರ್ ಇಲ್ಲ, ಅದು ದುಂಡಗ ಮುಚ್ಚಿದ ಬಾಡಿ.) ಕವರ್ ತಗದ್ರ ಆರು ಸ್ಪ್ರಿಂಗ್, ಅವುಗಳ ಮ್ಯಾಲೆ ಹಲ್ಲಿನ ತುಂಡು, ಆ ಹಲ್ಲಿಗೆ ಕೂಡೋ ಉದ್ದನ ರಾಡ್ ಕಾಣ್ತೈತಿ. ಆ ರಾಡೇ ರ‍್ಯಾಕ್. ಬೆರಳಿಲೆ ಅತ್ತಾಗ ಇತ್ತಾಗ ತಳ್ರಿ. ನಯವಾಗಿ ಓಡಬೇಕು, ಬಿಟ್ರ ಸ್ಪ್ರಿಂಗ್ ಎಳಕೊಂಡು ತನ್ನ ಜಾಗಕ್ಕ ಬರಬೇಕು. ಸ್ಟಾಪ್ ಲಿವರ್ ಎಳದಾಗ ಪೂರ್ತಿ ಬಂದ್ ಕಡಿಗೆ ಹೋಗಬೇಕು. ಹಂಗ ಇನ್ನೊಬ್ರು ಒಂದು ಕ್ಷಣ ಸೆಲ್ಫ್ ಹೊಡೀಲಿ, ಆರೂ ಸ್ಪ್ರಿಂಗ್ ಕುಣೀಬೇಕು. ಒಂದು ಮ್ಯಾಲೇ ಒತ್ತಿಕೊಂಡು ನಿಂತಿದ್ರ ಆ ಪ್ಲಂಜರ್ ಹಿಡದೈತಿ. ಸ್ಕ್ರೂಡ್ರೈವರ್ ಹಾಕಿ ಹೊಡದ್ರ ಹಲ್ಲು ಸರದು ಡೆಲಿವರಿ ಲೆಕ್ಕ ಹೋಗ್ತೈತಿ. ಶುದ್ಧ ಡೀಸೆಲ್ ಗ್ಯಾಲರಿಯೊಳಗ ತುಂಬಿ ಒಂದು ರಾತ್ರಿ ಬಿಡ್ರಿ. ಆಗಲೂ ಬಿಡದಿದ್ರ ಅವಾಗ ಪಂಪ್ ಇಳಸ್ರಿ, ಬ್ಯಾರೆ ದಾರಿ ಇಲ್ಲ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಇಂಟೇಕ್ ಬಾಯಿ ಅಳತಿಯ ಹಲಿಗಿ ತುಂಡು ಒಬ್ರ ಕೈಯಾಗ ಇರ್ಲಿ. ರೇಸ್ ಏರಿದ್ರ ಗಾಳಿ ಬಂದ್ ಮಾಡೂದೊಂದೇ ಉಪಾಯ. ಅಂಗೈ ಇಡಬ್ಯಾಡ್ರಿ, ಬಟ್ಟಿ ಇಟ್ರ ಒಳಗ ಎಳಕೋತೈತಿ.

ಬೆಳಗಾವಿ 407:
ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ನನ್ನದು 497 ಎಂಜಿನ್, ಚಳಿಯಲ್ಲಿ ಬೆಳಗ್ಗೆ ಬಿಳಿ ಹೊಗೆ ಸಿಕ್ಕಾಪಟ್ಟೆ, ಹತ್ತು ಸಲ ಸೆಲ್ಫ್ ಹೊಡೆದ ಮೇಲೆ ಹತ್ತುತ್ತೆ. 697ಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ?

ಶಿರಾಡಿ ಗ್ಯಾರೇಜ್:
ಒಂದೇ ಮನೆತನ. ಮೊದಲ ಅಂಕಿ ಸಿಲಿಂಡರ್ ಎಷ್ಟು ಎಂದು, ಮುಂದಿನ ಎರಡು ಬೋರ್ ಎಷ್ಟು ಮಿಲಿಮೀಟರ್ ಎಂದು. 697 ಎಂದರೆ 6 ಸಿಲಿಂಡರ್, 97 ಬೋರ್. 497 ನಾಲ್ಕು ಸಿಲಿಂಡರಿನದು. ಹಳೆಯ 692ರಲ್ಲಿ 92 ಬೋರ್. ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) 1954ರಲ್ಲಿ ಮರ್ಸಿಡಿಸ್ ಜೊತೆ ಲಾರಿ ಶುರು ಮಾಡಿದ್ದಲ್ಲ, 697ರ ಬೇರು ಮರ್ಸಿಡಿಸ್ ಓಎಂ 352ರಲ್ಲಿ: ಅದೇ 97 ಬೋರ್, 128 ಸ್ಟ್ರೋಕ್, 5,675 ಸಿಸಿ.

ನಿಮ್ಮ ಹೊಗೆಯ ವಾಸನೆ ನೋಡಿ. ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆ ಬಂದರೆ ಕಂಪ್ರೆಶನ್, ನೋಝಲ್, ಟೈಮಿಂಗ್, ಇಲ್ಲವೇ ನಿಧಾನ ಸೆಲ್ಫ್. ಸಿಹಿ ವಾಸನೆ ಬಂದು ರೇಡಿಯೇಟರ್ ನೀರೂ ಕಮ್ಮಿ ಆಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಮೊದಲು ಟ್ಯಾಪೆಟ್ (ವಾಲ್ವ್ ಗ್ಯಾಪ್) ನೋಡಿ. ಇನ್ಲೆಟ್ 0.20, ಎಕ್ಸಾಸ್ಟ್ 0.30 ಮಿಲಿಮೀಟರ್, ತಣ್ಣಗಿರುವಾಗ. ಗ್ಯಾಪ್ ಇಲ್ಲದ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಶನ್ ಅಲ್ಲೇ ಹೋಗುತ್ತದೆ. ಆಮೇಲೆ ನೋಝಲ್ ಬಿಚ್ಚಿ ಟೆಸ್ಟರಿಗೆ ಹಾಕಿಸಿ. ಹಳೆಯ ಸೆಟ್ಟಿಂಗ್ 200 ಬಾರ್ ಆಸುಪಾಸು. ಮಂಜಿನ ಹಾಗೆ ಸಿಂಪಡಿಸಬೇಕು, ತುದಿಯಲ್ಲಿ ಹನಿ ನಿಲ್ಲಬಾರದು.

ಕಂಪ್ರೆಶನ್ ಟೆಸ್ಟಿನಲ್ಲಿ 20 ಬಾರ್‌ಗಿಂತ ಕೆಳಗೆ ಬಂದರೆ ಬೆಳಗ್ಗೆ ಹೀಗೇ ಒದ್ದಾಟ. ಸಿಲಿಂಡರಿಗೆ ಆಯಿಲ್ ಹಾಕಿ ಮತ್ತೆ ಅಳೆಯುವ ಪೆಟ್ರೋಲ್ ಎಂಜಿನಿನ ಪದ್ಧತಿ ಇಲ್ಲಿ ಜೋಪಾನ. ಪಿಸ್ಟನ್ ತಲೆಯಲ್ಲೇ ಗುಂಡಿ ಉಂಟು, ಆಯಿಲ್ ಅದರಲ್ಲಿ ನಿಂತು ಜಾಗ ಕಮ್ಮಿ ಆಗಿ ರೀಡಿಂಗ್ ಸುಳ್ಳೇ ಏರುತ್ತದೆ. ಒಂದು ಚಮಚಕ್ಕಿಂತ ಹೆಚ್ಚು ಹಾಕಲೇಬಾರದು.

ಮುಂದಿನದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಮೂಡಿಗೆರೆಯವರ ಗಾಡಿ ಹತ್ತಲಿ.

ತೋಟದ ಗಾಡಿ, ಮೂಡಿಗೆರೆ:
ಕವರ್ ತೆಗೆದು ನೋಡಿದೆವು. ರ‍್ಯಾಕ್ ನಯವಾಗಿದೆ, ಆರು ಸ್ಪ್ರಿಂಗೂ ಆಡುತ್ತಿವೆ. ಹಾಗಾದರೆ ಗಾಳಿಯೇ. ಆದರೆ ಲೈನ್ ಉದ್ದಕ್ಕೂ ಎಲ್ಲೂ ಡೀಸೆಲ್ ಸೋರಿದ ಗುರುತಿಲ್ಲ, ಎಲ್ಲ ಒಣಗಿದೆ.

ಪಂಪ್‌ರೂಮ್ ಹುಬ್ಬಳ್ಳಿ:
ಸೋರೂದೇ ಇಲ್ಲ ಅಲ್ಲಿ! ಟ್ಯಾಂಕಿನಿಂದ ಫೀಡ್ ಪಂಪ್‌ತನಕ ಲೈನ್ ಎಳಿಯೂ ಲೈನ್. ತೂತು ಬಿದ್ರ ಗಾಳಿ ಒಳಗ ಹೋಗ್ತೈತಿ, ಡೀಸೆಲ್ ಹೊರಗ ಬರೂದಿಲ್ಲ. ಫೀಡ್ ಪಂಪ್ ದಾಟಿದ ಮ್ಯಾಲೆ ಒತ್ತೂ ಲೈನ್, ಅಲ್ಲಿ ತೂತು ಇದ್ರ ಹಸಿ ಕಾಣ್ತೈತಿ. ಒಣಗಿದ ಲೈನ್ ನೋಡಿ "ಲೀಕ್ ಇಲ್ಲ" ಅಂತ ಪಂಪ್ ಕಡಿಗೆ ಹೋಗೂದೇ ಎಲ್ಲಾರೂ ಮಾಡೂದು.

ಹಿಂಗ ಮಾಡ್ರಿ. 5 ಲೀಟರ್ ಕ್ಯಾನಿನ್ಯಾಗ ಶುದ್ಧ ಡೀಸೆಲ್ ತುಂಬಿ ಎಂಜಿನ್‌ಗಿಂತ ಮ್ಯಾಲೆ ಕಟ್ರಿ. ಟ್ಯಾಂಕ್ ಲೈನನ್ನ ಫೀಡ್ ಪಂಪಿನಿಂದ ಬಿಚ್ಚಿ, ಅದೇ ಬಾಯಿಗೆ ಪಾರದರ್ಶಕ ಪೈಪ್ ಹಾಕಿ ಕ್ಯಾನಿಗೆ ಇಳಸ್ರಿ. ಹಂಗ ಫೀಡ್ ಪಂಪ್ ಬಟ್ಟಲದಾಗಿನ ಜಾಳಿಗಿ ತಗದು ತೊಳೀರಿ, ಅರ್ಧ ಕೇಸ್ ಅಲ್ಲೇ ಮುಗೀತಾವ. ಈಗ ಪ್ರೈಮರ್ ಹೊಡೀರಿ. ಕ್ಯಾನ್ ಇದ್ದಾಗ ಬಿಗಿ ಆದ್ರ ತೂತು ಟ್ಯಾಂಕ್ ಕಡಿ ಐತಿ. ಆಗಲೂ ಸಡಿಲ ಇದ್ರ ಪ್ರೈಮರ್ ವಾಷರ್ ಇಲ್ಲಾ ಫೀಡ್ ಪಂಪ್ ವಾಲ್ವ್ ಹೋಗೈತಿ.

ಏರ್ ತೆಗೆಯೂದು ಟ್ಯಾಂಕ್ ಕಡಿಯಿಂದ ಎಂಜಿನ್ ಕಡಿಗೆ, ಉಲ್ಟಾ ಮಾಡಿದ್ರ ಮುಗಿಯೂದೇ ಇಲ್ಲ. ಮೊದಲನೇ ಫಿಲ್ಟರ್ ತಲಿ ಮ್ಯಾಲಿನ ಸ್ಕ್ರೂ ಸಡಿಲ ಮಾಡಿ, ಗುಳ್ಳಿ ನಿಂತು ಗಟ್ಟಿ ಡೀಸೆಲ್ ಬರೂತನಕ ಪ್ರೈಮರ್ ಹೊಡೀರಿ, ಹೊಡೀತಾ ಇರುವಾಗಲೇ ಸ್ಕ್ರೂ ಬಿಗೀರಿ. ಕೈ ನಿಲ್ಲಿಸಿ ಬಿಗಿದ್ರ ಗಾಳಿ ವಾಪಸ್. ಎರಡನೇ ಫಿಲ್ಟರ್ ಹಂಗ. ಆಮ್ಯಾಲೆ ಪಂಪ್ ಗ್ಯಾಲರಿ ಸ್ಕ್ರೂ. ಪ್ರೈಮರ್ ಗಟ್ಟಿ ಆದ ಮ್ಯಾಲೆ ಅದರ ಹಿಡಿ ತಿರುವಿ ಬಂದ್ ಮಾಡ್ರಿ, ಬಿಟ್ರ ಅಲ್ಲೇ ಗಾಳಿ ಎಳೀತೈತಿ.

ಕೊನೆಗೆ ನೋಝಲ್ ತುದಿಯ ಪೈಪ್ ನಟ್, 17ರ ಪಾನಾ, ಒಂದು ಸುತ್ತು ಸಡಿಲ. ಆರೂ ಬ್ಯಾಡ, ಮೂರು ಸಾಕು. ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್. ಗುಳ್ಳಿ ಇಲ್ಲದ ಡೀಸೆಲ್ ಚಿಮ್ಮಿದ್ರ ನಿಲ್ಲಿಸಿ ಬಿಗೀರಿ. ಬಿಗಿ ಸುಮಾರು 25 ನ್ಯೂಟನ್ ಮೀಟರ್ ಸಾಕು. ಪೈಪ್ ಇನ್ನೂ ಸೋರಿದ್ರ ಪಾನಾಕ್ಕ ಪೈಪ್ ಸೇರಿಸಿ ತಿರುವಬ್ಯಾಡ್ರಿ, ಶಂಕು ತುದಿ ಹೋಗೈತಿ ಅಂತ ಅರ್ಥ. ಚಿಮ್ಮೂದನ್ನ ಬೆರಳಿಲೆ ಮುಟ್ಟಿ ನೋಡೂದು ಬ್ಯಾಡ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗ ಹೋಗ್ತೈತಿ, ಮ್ಯಾಲೆ ಸೂಜಿ ಚುಚ್ಚಿದಷ್ಟೇ ಕಾಣ್ತೈತಿ, ಕೈ ಕತ್ತರಿಸೋ ತನಕ ಹೋಗ್ತೈತಿ. ಹಂಗೇನಾದ್ರೂ ಆದ್ರ ನೋವಿಗೆ ಕಾಯದ ಆವಾಗಿಂದ ಆವಾಗ ಆಸ್ಪತ್ರಿಗೆ.

ಘಾಟಿ ಲೈನ್:
ಟ್ಯಾಂಕ್ ಕೆಳಗಿನ ಡ್ರೈನ್ ಬಿಚ್ಚಿದಿರಾ? ಮಳೆಗಾಲದಲ್ಲಿ ಕಾಲು ಟ್ಯಾಂಕ್ ಇಟ್ಟರೆ ಉಳಿದ ಮುಕ್ಕಾಲು ಜಾಗದ ತೇವ ನೀರಾಗಿ ಇಳಿಯುತ್ತೆ. ಗಾಜಿನ ಬಾಟಲಿಗೆ ಕಾಲು ಲೀಟರ್ ಹಿಡಿದು ಹತ್ತು ನಿಮಿಷ ಇಟ್ಟು ನೋಡಿ, ನೀರಿದ್ದರೆ ಅಡಿಯಲ್ಲಿ ಗೆರೆ ಎಳೆದ ಹಾಗೆ ಕೂರುತ್ತೆ. ಗಾಡಿ ನಿಲ್ಲಿಸುವಾಗ ಫುಲ್ ಟ್ಯಾಂಕ್ ಮಾಡಿಡಬೇಕು ಅನ್ನೋದು ಅದಕ್ಕೇ.

ಶಿರಾಡಿ ಗ್ಯಾರೇಜ್:
ಇದು ಸರಿಯಾದ ಮಾತು. ಹಾಗೆಯೇ ಏರ್ ಫಿಲ್ಟರ್ ಪೈಪೂ ಸೈಲೆನ್ಸರ್ ಬಾಯಿಯೂ ನೋಡಿ, ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಇಲಿ ಬಟ್ಟೆ ಚೂರು ತುಂಬಿರುತ್ತದೆ. ಟ್ಯಾಂಕ್ ಮುಚ್ಚಳದ ಸಣ್ಣ ತೂತು ಮುಚ್ಚಿದ್ದರೆ ಎಂಜಿನ್ ಹತ್ತಿ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಮುಚ್ಚಳ ಬಿಚ್ಚಿದರೆ "ಉಸ್" ಎನ್ನುತ್ತದೆ.

ಮತ್ತೆ, ಮೊದಲ ಸ್ಟಾರ್ಟಿಗೆ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಿ. ಲೆವೆಲ್ ಏರಿದ್ದು ವಾಸನೆ ಡೀಸೆಲಿನದಾದರೆ ಫೀಡ್ ಪಂಪ್ ಅಥವಾ ಪ್ಲಂಜರ್ ಕಡೆಯಿಂದ ಇಳಿದಿದೆ, ಹಾಲಿನ ಬಣ್ಣ ಇದ್ದರೆ ನೀರು. ಎರಡರಲ್ಲೂ ಆಯಿಲ್ ಬದಲಿಸದೆ ಓಡಿಸಬಾರದು. ಎಲ್ಲ ಸರಿ ಇದ್ದರೆ ಸ್ಟಾಪ್ ಎಳೆದು ಹಿಡಿದೇ 10 ಸೆಕೆಂಡಿನಂತೆ ಒಂದೆರಡು ಸಲ ತಿರುಗಿಸಿ, ಆಯಿಲ್ ಪ್ರೆಶರ್ ಮುಳ್ಳು ಎದ್ದ ಮೇಲೆ ಸ್ಟಾರ್ಟ್ ಮಾಡಿ. ತಿರುಗುತ್ತಾ ಒಮ್ಮೆಲೇ ಗಕ್ಕೆಂದು ನಿಂತರೆ ಮತ್ತೆ ಸೆಲ್ಫ್ ಒತ್ತಬೇಡಿ. ಸಿಲಿಂಡರಿನಲ್ಲಿ ನೀರೋ ಡೀಸೆಲೋ ನಿಂತಿರಬಹುದು. ನೋಝಲ್ ಆರೂ ಬಿಚ್ಚಿ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲಿ ತಿರುಗಿಸಿ ಹೊರಗೆ ಹಾಕಿ.

ತೋಟದ ಗಾಡಿ, ಮೂಡಿಗೆರೆ:
ಗಾಡಿ ಹತ್ತಿತು! ಕ್ಯಾನ್ ಕಟ್ಟಿದ ಮೇಲೆ ಪ್ರೈಮರ್ ಕಲ್ಲಿನಂತೆ ಗಟ್ಟಿ ಆಯ್ತು, ಏರ್ ತೆಗೆದು ಸೆಲ್ಫ್ ಹೊಡೆದಾಗ ಮೊದಲು ಬಿಳಿ ಹೊಗೆ ಬಂದು ಆಮೇಲೆ ಹತ್ತಿತು. ರೇಸ್ ನಾರ್ಮಲ್, ಸ್ಟಾಪ್ ಲಿವರ್ ಕೈಯಲ್ಲಿ ಎಳೆದರೆ ನಿಲ್ಲುತ್ತೆ. ಟ್ಯಾಂಕ್ ಕಡೆ ಹುಡುಕಿದಾಗ ಚಾಸಿ ಮೇಲಿನ ಕಬ್ಬಿಣದ ಪೈಪಿಗೂ ಫೀಡ್ ಪಂಪಿಗೂ ನಡುವಿನ ರಬ್ಬರ್ ಪೈಪ್ ಕ್ಲಿಪ್ ಹತ್ತಿರ ಬಿರುಕು ಬಿಟ್ಟಿತ್ತು. ಬಾಗಿಸಿದರೆ ಮಾತ್ರ ಕಾಣುತ್ತೆ. ಡ್ರೈನಿನಲ್ಲಿ ನೀರೂ ಬಂತು. ಅಂಗಡಿಯಲ್ಲಿ ಯಾವ ಪೈಪ್ ಕೇಳಬೇಕು? ತೋಟದ ಗ್ಯಾಸ್ ಪೈಪ್ ಒಂದು ತುಂಡು ಇದೆ, ಅದು ಆಗುತ್ತಾ? ಐಡಲ್ ಸ್ವಲ್ಪ ಏರಿಳಿತ ಆಗ್ತಿದೆ, ಅದೂ ಹೇಳಿ.

ಪಂಪ್‌ರೂಮ್ ಹುಬ್ಬಳ್ಳಿ:
ಗ್ಯಾಸ್ ಪೈಪೂ ಬ್ಯಾಡ, ನೀರಿನ ಪೈಪೂ ಬ್ಯಾಡ. ಡೀಸೆಲ್‌ಗೆ ಉಬ್ಬಿ ಮೆತ್ತಗಾಗಿ ಒಳಗಿನ ಪದರ ಎದ್ದು ಬರ್ತೈತಿ, ಹೊರಗಿಂದ ಛಲೋ ಕಾಣ್ತೈತಿ, ಎಳಿಯುವಾಗ ಒಳಗಿಂದ ಮುಚ್ಚಿಕೋತೈತಿ. ನೂಲಿನ ಪದರ ಇರೋ ಡೀಸೆಲ್ ಪೈಪ್ ಅಂತ ಕೇಳ್ರಿ. ನಿಪ್ಪಲಿನ ಹೊರಗಿನ ಅಳತಿ ವರ್ನಿಯರ್‌ನ್ಯಾಗ ಹಿಡದು ಒಳ ಅಳತಿ ಅಷ್ಟೇ ಇರೋದು ತರ್ರಿ. ಸಡಿಲ ಪೈಪನ್ನ ಕ್ಲಿಪ್ಪಿನಿಂದ ಬಿಗಿದ್ರ ಸುಕ್ಕು ಬಿದ್ದು ಅಲ್ಲೇ ಗಾಳಿ. ನಿಪ್ಪಲ್ ಮ್ಯಾಲೆ 25 ಮಿಲಿಮೀಟರ್ ಆದ್ರೂ ಏರಿರಬೇಕು. ಬ್ಯಾಂಜೊ ಬೋಲ್ಟ್ (ಪೈಪ್ ಕೂಡಿಸೂ ಪೊಳ್ಳು ಬೋಲ್ಟ್) ಬಿಚ್ಚಿದಲ್ಲೆಲ್ಲ ತಾಮ್ರದ ವಾಷರ್ ಹೊಸಾವು, ಎರಡೂ ಕಡಿ. ಹೊಸಾವು ಸಿಗದಿದ್ರ ಹಳೇವನ್ನ ಕೆಂಪಗ ಕಾಯಿಸಿ ನೀರಾಗ ಅದ್ರಿ, ಮೆತ್ತಗ ಆಗ್ತಾವ.

ಎರಡೂ ಫಿಲ್ಟರ್ ಎಲಿಮೆಂಟ್ ಬದಲಸ್ರಿ, ನೀರು ಕಂಡ ಎಲಿಮೆಂಟ್ ತೊಳದು ಹಾಕಬ್ಯಾಡ್ರಿ. ಟ್ಯಾಂಕ್ ಡ್ರೈನ್‌ನ್ಯಾಗ ಬಾಟಲಿ ಪರೀಕ್ಷಾ ಸ್ವಚ್ಛ ಬಂದ ಮ್ಯಾಲೇ ಕ್ಯಾನ್ ಬಿಚ್ಚಿ ಲೈನ್ ಕೂಡಸ್ರಿ. ಐಡಲ್ ಏರಿಳಿತ ಉಳಿದ ಗಾಳಿಯಿಂದ ಇರಬೇಕು, ಅರ್ಧ ತಾಸು ಓಡಿದ್ರ ಹೋಗ್ತೈತಿ. ಹೋಗದಿದ್ರ ಆ ಪಾರದರ್ಶಕ ಪೈಪನ್ನ ಈ ಸಲ ಪಂಪಿನಿಂದ ವಾಪಸ್ ಹೋಗೋ ಲೈನಿಗೆ ಹಾಕಿ ನೋಡ್ರಿ. ಗುಳ್ಳಿ ಬರ್ತಾ ಇದ್ರ ಇನ್ನೊಂದು ತೂತು ಎಲ್ಲೋ ಐತಿ. ಗುಳ್ಳಿ ಇಲ್ಲದ ಏರಿಳಿತ ಇದ್ರ ಗವರ್ನರ್ ಕಡಿ, ಅದನ್ನ ಕುಂತು ಮಾತಾಡೂಣು.

ಕರೆಂಟ್ ಕೆಲಸ, ತುಮಕೂರು:
ಸ್ಟಾಪ್ ಕೇಬಲ್ ಹೊಸದು ಹಾಕೋದು ಮರೀಬೇಡಿ ಅಣ್ಣ. ಎಣ್ಣೆ ಬಿಟ್ಟು ಹಳೇದನ್ನೇ ಓಡಿಸಿದರೆ ಯಾವಾಗಲೋ ಅರ್ಧ ದಾರಿಯಲ್ಲಿ ಹಿಡಿಯುತ್ತೆ. ಲಿವರ್ ಪೂರ್ತಿ ರನ್ ಕಡೆ ಇದ್ದಾಗ ಕೇಬಲ್‌ನಲ್ಲಿ 2-3 ಮಿಲಿಮೀಟರ್ ಸಡಿಲ ಬಿಟ್ಟು ಕಟ್ಟಿ, ಕ್ಯಾಬಿನ್ ಅಲುಗಾಡಿದಾಗ ಲಿವರ್ ಎಳೆಯಬಾರದು.